ಅರ್ತ ಇಲ್ಲದ ಬೇಲಿ

ಹಾರೆ ಎತ್ತಿ ಹಾಕಿದರೆ ನೆಲ ಠಣ್ ಎಂದಿತು. ಎರಡನೆಯ ಏಟಿಗೆ ಕಿಡಿ ಹಾರಿತು. ಬಂಗಾರಪೇಟೆಗೆ ಬಂದ ಎರಡನೆಯ ವಾರ ಅದು. ಹಿತ್ತಲಿನಲ್ಲಿ ನಾನೂ ನನ್ನ ಗಂಡನೂ ಒಬ್ಬರ ಮುಖ ಒಬ್ಬರು ನೋಡುತ್ತಾ ನಿಂತೆವು. ನೆಲದಿಂದ ಕಿಡಿ ಏಳುವುದನ್ನು ನಮ್ಮ ಏಳು ತಲೆಮಾರಿನಲ್ಲಿ ಯಾರೂ ಕಂಡಿರಲಾರರು.

ನಾವು ನವಲಗುಂದದ ಕಡೆಯವರು, ಎರೆಮಣ್ಣಿನವರು. ನಮ್ಮಲ್ಲಿ ಮಳೆಗಾಲಕ್ಕೆ ಹೊಲಕ್ಕಿಳಿದರೆ ಮಣ್ಣು ಚಪ್ಪಲಿಯನ್ನು ಕಸಿದುಕೊಂಡು ಬರಿಗಾಲಲ್ಲಿ ಮನೆಗೆ ಕಳಿಸುತ್ತದೆ. ಅಪ್ಪ ಹಂದಿ ಕಾಟಕ್ಕೆ ಹೊಲದ ಸುತ್ತ ಝಟಕಾ ಮಷಿನ್ ಹಾಕಿಸಿದ್ದ. ಸೋಲಾರಿನಿಂದ ನಡೆಯುವ ಸಣ್ಣ ಪೆಟ್ಟಿಗೆ ಅದು. ತಂತಿ ಮುಟ್ಟಿದ ಪ್ರಾಣಿಗೆ ಜೀವ ತೆಗೆಯದಷ್ಟು, ಆದರೆ ಜನ್ಮದಲ್ಲಿ ಮರೆಯದಷ್ಟು ಏಟು ಕೊಡುತ್ತದೆ. ಪೆಟ್ಟಿಗೆಯ ಒಂದು ತಂತಿ ಬೇಲಿಗೆ, ಇನ್ನೊಂದು ನೆಲಕ್ಕೆ ಹೊಡೆದ ಕಬ್ಬಿಣದ ಸಳಿಗೆ. ಅಪ್ಪ ಆ ಸಳಿಯನ್ನು ಎರಡು ಏಟಿಗೆ ಆಳುದ್ದ ಇಳಿಸಿದ್ದನ್ನು ನಾನು ಕಣ್ಣಾರೆ ಕಂಡಿದ್ದೆ. ಅದೇ ಧೈರ್ಯದ ಮೇಲೆ ಇಲ್ಲಿ ಕೋಳಿಗಳಿಗೆ ಬೇಲಿ ಹಾಕಲು ಹೊರಟಿದ್ದು. ಸಳಿ ಒಂದೂವರೆ ಅಡಿಗೆ ಬಂಡೆ ತಾಗಿ ನಿಂತಿತು. ಮೇಲೆ ಉಳಿದದ್ದು ಕಾಲಿಗೆ ಚುಚ್ಚಬಾರದೆಂದು ಗರಗಸದಿಂದ ಕೊಯ್ದು ಹಾಕಿದೆವು. ಅದನ್ನು ಜಾಣತನ ಎಂದು ತಿಳಿದಿದ್ದೆವು.

ನನ್ನ ಗಂಡನಿಗೆ ರೈಲು ಹಳಿ ನೋಡಿಕೊಳ್ಳುವ ಕೆಲಸ. ಬಂಗಾರಪೇಟೆಯಿಂದ ಊರಿಗಾಂ ಕಡೆಗೆ ಹೋಗುವ ದಾರಿಯ ಒಂದು ಹಳ್ಳಿಯಲ್ಲಿ ಬಾಡಿಗೆ ಮನೆ ಸಿಕ್ಕಿತು. ತಾರಸಿ ಹತ್ತಿದರೆ ದೂರದಲ್ಲಿ ಬಿಳಿ ದಿಬ್ಬಗಳು ಕಾಣುತ್ತವೆ. ಗಣಿಯಿಂದ ಕಲ್ಲು ತೆಗೆದು, ಪುಡಿ ಮಾಡಿ, ಚಿನ್ನವನ್ನು ಹಿಂಡಿಕೊಂಡು ಎಸೆದ ಮಣ್ಣಂತೆ. ಗಣಿ ಮುಚ್ಚಿ ವರ್ಷಗಳಾದರೂ ದಿಬ್ಬಗಳು ಮಾತ್ರ ಹಾಗೇ ಇವೆ. ಮನೆಗೆ ದೊಡ್ಡ ಹಿತ್ತಲಿದೆ ಎಂಬ ಒಂದೇ ಕಾರಣಕ್ಕೆ ನಾನು ಈ ಮನೆಯನ್ನು ಒಪ್ಪಿದ್ದು. ಏಕೆಂದರೆ ನನ್ನ ಜೊತೆ ಹುಬ್ಬಳ್ಳಿಯಿಂದ ರೈಲಿನಲ್ಲಿ, ಒದ್ದೆ ಬಟ್ಟೆ ಮುಚ್ಚಿದ ಬುಟ್ಟಿಯೊಳಗೆ ಒಂದು ಹುಂಜ, ನಾಲ್ಕು ಹೇಂಟೆ ಬಂದಿದ್ದವು. ಕರಿಕಾಲಿನ ಕೋಳಿಗಳು. ಅವ್ವನಿಗೆ ಅವಳ ಅವ್ವ ಕೊಟ್ಟ ತಳಿ. ನನ್ನನ್ನು ಕಳಿಸುವಾಗ ಅವ್ವ ಸೀರೆ ಕೊಡಲಿಲ್ಲ, ಇವನ್ನು ಕೊಟ್ಟಳು.

ನಾವು ಜವಾರಿ ಕೋಳಿ ಎನ್ನುವುದನ್ನು ಇಲ್ಲಿ ನಾಟಿ ಕೋಳಿ ಎನ್ನುತ್ತಾರೆ. ಕಲಿಯಬೇಕಾದ್ದು ಅದೊಂದೇ ಆಗಿದ್ದರೆ ಸುಖವಾಗಿರುತ್ತಿದ್ದೆ. ಮನೆ ಮಾಲೀಕರು ಊಟಕ್ಕೆ ಕರೆದು ಮೊದಲ ಸಲ ಮುದ್ದೆ ಇಟ್ಟಾಗ ಅದನ್ನು ರೊಟ್ಟಿ ಅಗಿದಂತೆ ಅಗಿದು, ಹಲ್ಲಿಗೆಲ್ಲ ಮೆತ್ತಿಸಿಕೊಂಡು, ಅವರ ಮನೆ ಮಂದಿಯನ್ನೆಲ್ಲ ನಗಿಸಿದೆ. ಅದನ್ನು ನುಂಗಬೇಕಂತೆ. ಊಟವನ್ನು ಅಗಿಯದೆ ನುಂಗುವುದನ್ನು ಮೂವತ್ತನೆಯ ವಯಸ್ಸಿನಲ್ಲಿ ಕಲಿತೆ. ನಾನು "ಹೌದ್ರೀ" ಎಂದರೆ ಅಂಗಡಿಯವನು ಇನ್ನೊಮ್ಮೆ ಹೇಳಿಸಿ ಕೇಳುತ್ತಿದ್ದ, ಅವನಿಗೆ ಅದೊಂದು ಮೋಜು. ಮಧ್ಯಾಹ್ನ ಕಟ್ಟೆಯ ಮೇಲೆ ಕೂತು ಮಾತಾಡಲು ಯಾರೂ ಇರಲಿಲ್ಲ. ಹಾಗಾಗಿ ಕೋಳಿಗಳ ಜೊತೆ ಮಾತಾಡುತ್ತಿದ್ದೆ, ಅವು ನಮ್ಮೂರ ಕನ್ನಡ ಬಲ್ಲವು.

ಮಗ್ಗುಲ ಮನೆ ನಾರಾಯಣಮ್ಮನದು. ಐವತ್ತು ದಾಟಿದ ಹೆಂಗಸು, ಎರಡು ಸೀಮೆ ಹಸು, ಇಪ್ಪತ್ತಕ್ಕೂ ಮಿಕ್ಕಿ ಕೋಳಿ. ಮನೆಯೊಳಗೆ ತೆಲುಗು, ಹಾಲಿನ ಡೈರಿಯಲ್ಲಿ ಕನ್ನಡ, ಗಣಿಯೂರಾದ ಚಾಂಪಿಯನ್ ರೀಫ್ಸ್‌ನಿಂದ ಸೊಪ್ಪು ಹೊತ್ತು ಬರುವವಳ ಜೊತೆ ತಮಿಳು. ಒಂದೇ ಉಸಿರಿನಲ್ಲಿ ಮೂರೂ ಭಾಷೆಯಲ್ಲಿ ಚೌಕಾಸಿ ಮಾಡುತ್ತಾಳೆ. ನನಗೆ ಇರುವ ಒಂದು ಭಾಷೆಯೇ ಇಲ್ಲಿ ಸರಿಯಾಗಿ ನಡೆಯುತ್ತಿರಲಿಲ್ಲ. ನನ್ನನ್ನು ಮೊದಲ ದಿನದಿಂದಲೇ ಅಮ್ಮಣ್ಣಿ ಎಂದು ಕರೆದಳು. ಇಲ್ಲಿ ಹೆಣ್ಣುಮಕ್ಕಳನ್ನು ಮುದ್ದಿನಿಂದ ಕರೆಯುವ ಮಾತು ಅದು. ನಾನು ಅಕ್ಕಾರ ಎಂದೆ. ಮರ್ಯಾದೆಯ ಮಾತೇನೋ ಹೌದು, ಆದರೆ ಮನಸ್ಸಿನಲ್ಲಿ ಮರ್ಯಾದೆ ಇರಲಿಲ್ಲ.

ಮುಚ್ಚುಮರೆ ಯಾಕೆ, ನನಗೆ ಹೊಟ್ಟೆಕಿಚ್ಚು. ನಮ್ಮ ಬೇಲಿ ಮೊದಲ ಒಂದೆರಡು ತಿಂಗಳು ಚೆನ್ನಾಗಿಯೇ ನಡೆಯಿತು. ಮಳೆ ಬಿದ್ದು ನೆಲ ಹಸಿಯಾಗಿದ್ದ ಕಾಲ. ಸಂಕ್ರಾಂತಿ ಕಳೆದು ನೆಲ ಒಣಗಿದ ಮೇಲೆ ಒಂದು ಮಧ್ಯಾಹ್ನ ಮುಂಗುಸಿಯೊಂದು ನನ್ನ ಕಣ್ಣೆದುರಿಗೇ ಎರಡು ತಂತಿಗಳ ನಡುವೆ ನುಸುಳಿ ಒಳಗೆ ಬಂತು. ಬಾಗಿಲು ತೆರೆದಿಟ್ಟ ನೆಂಟರ ಮನೆಗೆ ಬಂದ ಹಾಗೆ ಬಂತು. ಒಂದು ಹೇಂಟೆಯ ಕುತ್ತಿಗೆ ಹಿಡಿದು ಅದೇ ದಾರಿಯಲ್ಲಿ ಹೋಯಿತು. ಪೆಟ್ಟಿಗೆಯ ದೀಪ ಮಾತ್ರ ಏನೂ ಆಗದಂತೆ ಮಿಣುಕುತ್ತಲೇ ಇತ್ತು. ಹದಿನೈದು ದಿನಕ್ಕೆ ಇನ್ನೊಂದು ಹೋಯಿತು. ಆಮೇಲೆ ಹುಂಜ. ನಾರಾಯಣಮ್ಮನ ಅಂಗಳದಲ್ಲಿ ಮಾತ್ರ ಅವಳ ಇಪ್ಪತ್ತು ಚಿಲ್ಲರೆ ಕೋಳಿಗಳು ಕೊಬ್ಬಿ ತಿರುಗುತ್ತಿದ್ದವು. ಅವಳದೂ ಅದೇ ಪೆಟ್ಟಿಗೆ, ಅದೇ ತಂತಿ. ನಮ್ಮದಕ್ಕಿಂತ ಹಳೆಯದು ಬೇರೆ.

ಅವಳ ಬೇಲಿಯನ್ನು ನಾನು ಅಡುಗೆಮನೆ ಕಿಟಕಿಯಿಂದ ಕಾಯತೊಡಗಿದೆ. ಅವಳ ಕೋಳಿಗಳನ್ನು ಎಣಿಸುವುದು ನನ್ನ ದಿನದ ಕೆಲಸವಾಯಿತು. ಒಂದು ಕಡಿಮೆಯಾದರೆ ಎದೆ ಹಗುರಾಗುತ್ತಿತ್ತು, ಅದು ಹಸುವಿನ ಹಿಂದಿನಿಂದ ಹೊರಬಂದರೆ ಮತ್ತೆ ಭಾರವಾಗುತ್ತಿತ್ತು. ದಿನಾ ಬೆಳಿಗ್ಗೆ ಅವಳು ಬಚ್ಚಲ ಹಿಂದಿನ ಒಂದು ಮೂಲೆಗೆ ಒಂದು ಬಕೆಟ್ ನೀರು ಸುರಿಯುತ್ತಿದ್ದಳು. ಅಲ್ಲಿ ಗಿಡ ಇಲ್ಲ, ಬಳ್ಳಿ ಇಲ್ಲ. ಯಾವುದೋ ದೇವರ ಕಲ್ಲಿರಬೇಕು, ಅದೇ ಅವಳ ಕೋಳಿಗಳನ್ನು ಕಾಯುತ್ತಿರಬೇಕು ಎಂದುಕೊಂಡೆ. ಆ ದೇವರ ಮೇಲೂ ನನಗೆ ಸಿಟ್ಟಿತ್ತು.

ಹುಂಜ ಹೋದ ಮರುದಿನ ನಾರಾಯಣಮ್ಮ ತಾನಾಗಿಯೇ ಬಂದಳು. ಬೇಲಿಯ ಆಚೆ ನಿಂತು ಒಂದು ಹಸಿ ಹುಲ್ಲಿನ ಕಡ್ಡಿಯನ್ನು ತಂತಿಗೆ ತಾಗಿಸಿ ನೋಡಿದಳು. ಆಮೇಲೆ ಅಂಗೈಯನ್ನೇ ಇಟ್ಟಳು. ಏನೂ ಆಗಲಿಲ್ಲ. ಬಾಯಿ ತುಂಬ ನಕ್ಕಳು.

"ನಿಮ್ ಬೇಲಿಗೆ ಅರ್ತಾನೇ ಇಲ್ವಲ್ಲ ಅಮ್ಮಣ್ಣಿ! ಅರ್ತ ಇಲ್ದಿದ್ ಮ್ಯಾಲೆ ಎಷ್ಟು ತಂತಿ ಕಟ್ಟಿದ್ರೂ ದಂಡ."

ಹುಂಜ ಕಳೆದುಕೊಂಡವಳ ಮುಂದೆ ನಿಂತು ನಗುತ್ತಾ, ನಿನ್ನ ಬೇಲಿಗೆ ಅರ್ಥವೇ ಇಲ್ಲ ಎನ್ನುವುದೇ? ನನ್ನ ಮೈ ಉರಿದುಹೋಯಿತು.

"ಅರ್ಥ ಇರೂ ಬ್ಯಾಲಿ ನಿಮ್ಮ ಮನ್ಯಾಗ ಐತೆಲ್ರೀ ಅಕ್ಕಾರ, ಓಣಿಗೆ ಅಷ್ಟ ಸಾಕು," ಎಂದೆ.

ಅವಳಿಗೆ ಚುಚ್ಚು ಮುಟ್ಟಲಿಲ್ಲ. "ಅಯ್ಯೋ, ಅದೇನ್ ದೊಡ್ ಇಸ್ಯ? ಒಸಿ ಉಪ್ಪು, ಒಸಿ ಇದ್ದಿಲು ಆಕು. ದಿನಾ ನೀರ್ ಬಿಡು. ಎಲ್ಲಾ ಸರಿ ಓಯ್ತದೆ."

ಉಪ್ಪು, ಇದ್ದಿಲು. ನಮ್ಮ ಕಡೆ ಅವೆರಡನ್ನೂ ಕೇಳುವುದು ದೃಷ್ಟಿ ತೆಗೆಯಲು. ಅಂದರೆ ನನ್ನ ಮನೆಗೆ ಯಾರದೋ ಕಣ್ಣು ತಾಗಿದೆ ಎಂದು ಹೇಳುತ್ತಿದ್ದಾಳೆ! ಹಗಲೆಲ್ಲ ಕಿಟಕಿಯಲ್ಲಿ ನಿಂತು ಅವಳ ಕೋಳಿಗಳ ಮೇಲೆ ಕಣ್ಣು ಹಾಕುತ್ತಿದ್ದವಳು ನಾನು. ಅದು ಅವಳಿಗೆ ತಿಳಿದುಹೋಗಿದೆ, ಅದಕ್ಕೇ ಹೀಗೆ ಸುತ್ತುಬಳಸಿ ಆಡುತ್ತಿದ್ದಾಳೆ ಎಂದುಕೊಂಡೆ. ಒಳಗೆ ಹೋಗಿ ಬಾಗಿಲು ಹಾಕಿದೆ.

ಗಂಡನ ಮುಂದೆ ಮಾತ್ರ ಎಲ್ಲವನ್ನೂ ಕಾರಿದೆ. "ನಮ್ಮ ಬ್ಯಾಲಿಗೆ ಅರ್ಥ ಇಲ್ಲಂತ್ರೀ. ನಾವ ಮಂದಬುದ್ಧಿ ಮಂದಿ ಅನ್ನೂ ಮಾತದು." ಅವರು ರೊಟ್ಟಿ ಮುರಿಯುತ್ತಾ, "ಅನ್ಲಿ ಬಿಡ," ಎಂದರು. ಮನೆಯ ಕರೆಂಟನ್ನೇ ನೇರವಾಗಿ ಬೇಲಿಗೆ ಕೊಟ್ಟರೆ ಹೇಗೆ ಎಂದು ಕೇಳಿದೆ. ಅವರು ಊಟ ಬಿಟ್ಟೆದ್ದರು. ಮನುಷ್ಯರು ಸಾಯುತ್ತಾರೆ, ಜೈಲಿಗೆ ಹೋಗುತ್ತೇವೆ, ಆ ಮಾತು ಇನ್ನೊಮ್ಮೆ ಬಾಯಿಂದ ಬಂದರೆ ಪೆಟ್ಟಿಗೆಯನ್ನೇ ಕಿತ್ತು ಹಾಕುತ್ತೇನೆ ಎಂದರು. ಅಷ್ಟು ಸಿಟ್ಟಾದದ್ದನ್ನು ನಾನು ಮೊದಲು ಕಂಡಿರಲಿಲ್ಲ. ಹಾಗಾಗಿ ಇನ್ನೂ ಎರಡು ಸುತ್ತು ತಂತಿ ಬಿಗಿದು ಸುಮ್ಮನಾದೆ. ನಾರಾಯಣಮ್ಮನ ಜೊತೆ ಮಾತು ಬಿಟ್ಟೆ. ಅವಳು ಬೇಲಿಯಾಚೆಯಿಂದ "ಅಮ್ಮಣ್ಣಿ, ಊಟ ಆಯ್ತಾ?" ಎಂದರೆ ಪಾತ್ರೆ ತೊಳೆಯುವ ಸದ್ದು ಹೆಚ್ಚು ಮಾಡುತ್ತಿದ್ದೆ.

ಅದೇ ದಿನಗಳಲ್ಲಿ ಅವ್ವನ ಫೋನು ಬಂತು. ಊರಿನಲ್ಲಿ ಕೋಳಿಗಳಿಗೆ ರೋಗ ಬಿದ್ದು ಅವ್ವನ ಗೂಡು ಖಾಲಿಯಾಗಿತ್ತು. "ಹೋಗ್ಲಿ ಬಿಡ ನೀಲವ್ವ, ನಿನ್ನ ಹತ್ರ ಅದಾವಲ್ಲ," ಎಂದಳು. ನನ್ನ ಹತ್ತಿರ ಆಗ ಎರಡು ಹೇಂಟೆ ಉಳಿದಿದ್ದವು. ಮುಂದಿನ ವಾರ ಒಂದಾಯಿತು. ಆ ಒಂದು ಹಿತ್ತಲ ಮೂಲೆಯ ಬುಟ್ಟಿಯಲ್ಲಿ ಒಂಬತ್ತು ಮೊಟ್ಟೆಗಳ ಮೇಲೆ ಕಾವಿಗೆ ಕೂತಿತ್ತು. ಹುಂಜ ಇದ್ದಾಗಿನ ಕೊನೆಯ ಮೊಟ್ಟೆಗಳು ಅವು. ಅವ್ವನ ಅವ್ವನಿಂದ ಬಂದದ್ದೆಲ್ಲ ಈಗ ಆ ಒಂದು ಬುಟ್ಟಿಯಲ್ಲಿತ್ತು. ನಾನು ಅದರ ಪಕ್ಕದಲ್ಲೇ ಕಾಳು ಆರಿಸುತ್ತಾ, ಬಟ್ಟೆ ಹೊಲಿಯುತ್ತಾ ಕೂತಿರುತ್ತಿದ್ದೆ. ಅವ್ವನಿಗೆ ಮಾತ್ರ ಎಲ್ಲವೂ ಚೆನ್ನಾಗಿವೆ ಎಂದು ಸುಳ್ಳು ಹೇಳಿದ್ದೆ.

ಒಂದು ಬೆಳಿಗ್ಗೆ ಸ್ನಾನಕ್ಕೆ ಹೋಗಿದ್ದೆ. ಅಷ್ಟೇ ಹೊತ್ತು. ಹೊರಗೆ ಕೋಳಿ ಕಿರುಚಿತು, ಅದರ ಹಿಂದೆಯೇ ನಾರಾಯಣಮ್ಮನ ದನಿ, ತೆಲುಗು ಬೈಗುಳ, "ಪೋ! ನೀ ದುಂಪ ತೆಗ! ಪೋ!" ಒದ್ದೆ ಮೈಗೆ ಸೀರೆ ಸುತ್ತಿಕೊಂಡು ಓಡಿ ಬಂದರೆ ಅವಳು ಸಗಣಿ ಕೈಯಲ್ಲೇ ನನ್ನ ಬೇಲಿಯ ತಂತಿಗಳನ್ನು ಅಗಲಿಸಿ, ಸೀರೆ ಎತ್ತಿ ಕಟ್ಟಿ, ಒಳಗೆ ನುಗ್ಗುತ್ತಿದ್ದಳು. ಐವತ್ತು ದಾಟಿದ ಹೆಂಗಸನ್ನು ನನ್ನ ಬೇಲಿ ಜುಮ್ಮೆನ್ನಿಸಲೂ ಇಲ್ಲ. ಮುಂಗುಸಿ ಇನ್ನೊಂದು ಕಡೆಯಿಂದ ಓಡಿತ್ತು. ಹೇಂಟೆ ಬುಟ್ಟಿಯ ಹೊರಗೆ ಬಿದ್ದಿತ್ತು. ಎರಡು ಮೊಟ್ಟೆ ಒಡೆದಿದ್ದವು.

ನಾನು ನೆಲದ ಮೇಲೆ ಕುಸಿದು ಅಳತೊಡಗಿದೆ. ನಾರಾಯಣಮ್ಮ ಅಳಲು ಬಿಡಲಿಲ್ಲ. ಉಳಿದ ಏಳು ಮೊಟ್ಟೆಗಳನ್ನು ಕೆನ್ನೆಗೊತ್ತಿ ನೋಡಿದಳು. "ಬೆಚ್ಗವೆ ಕಣಮ್ಮಣ್ಣಿ. ಇನ್ನೂ ಬೆಚ್ಗವೆ. ನಮ್ ಕೋಳಿ ಒಂದು ಕಾವ್ಗೆ ಕುಂತದೆ, ಅದ್ರ ಕೆಳ್ಗೆ ಮಡಗ್ತೀನಿ." ಮೊಟ್ಟೆಗಳನ್ನು ಸೆರಗಿನಲ್ಲಿ ಕಟ್ಟಿಕೊಂಡು ಬಂದ ದಾರಿಯಲ್ಲೇ ತಂತಿ ಅಗಲಿಸಿ ಹೋದಳು. ಸ್ವಲ್ಪ ಹೊತ್ತಿಗೆ ಕೈ ತೊಳೆದುಕೊಂಡು ಹಾರೆ ಹಿಡಿದು ವಾಪಸು ಬಂದಳು.

"ಎಲ್ಲೈತೆ ನಿಂದು ಅರ್ತ? ತೋರ್ಸು ಬಾ."

ನನಗೆ ಮತ್ತೆ ಅರ್ಥವಾಗಲಿಲ್ಲ. ಅವಳೇ ಪೆಟ್ಟಿಗೆಯಿಂದ ಇಳಿದ ತಂತಿಯ ಜಾಡು ಹಿಡಿದು ಹೋಗಿ, ನಾವು ಹೊಡೆದಿದ್ದ ಸಳಿಯನ್ನು ಎರಡು ಬೆರಳಿನಿಂದ ಹಿಡಿದು ಎತ್ತಿದಳು. ಮೂಲಂಗಿ ಕಿತ್ತಂತೆ ಕೈಗೆ ಬಂತು.

"ಇದೇನಮ್ಮಣ್ಣಿ, ಊದ್ಬತ್ತಿ ಚುಚ್ಚಿದಂಗೆ ಚುಚ್ಚಿದೀಯಾ! ಇದಕ್ಕೇ ಕಣೆ ಅರ್ತ ಅನ್ನೋದು. ಅವತ್ತೇ ಯೋಳಿದ್ನಲ್ಲ, ಅರ್ತ ಇಲ್ಲ ಅಂತ."

ಕರೆಂಟಿನವರು ಅರ್ತಿಂಗ್ ಎನ್ನುತ್ತಾರಲ್ಲ, ಅದು. ಅಪ್ಪ ಅದನ್ನು ಸಳಿ ಎಂದಷ್ಟೇ ಕರೆಯುತ್ತಿದ್ದ, ನನಗೆ ಬೇರೆ ಹೆಸರು ಗೊತ್ತಿರಲಿಲ್ಲ. ಇಲ್ಲಿಯವರ ಬಾಯಲ್ಲಿ ಅರ್ಥವೂ ಅರ್ತ, ಅದೂ ಅರ್ತ. ನಾನು ಹೊಟ್ಟೆಕಿಚ್ಚಿನ ಕಿವಿಯಿಂದ ಕೇಳಿಸಿಕೊಂಡಿದ್ದೆ. ಉಪ್ಪು, ಇದ್ದಿಲು ದೃಷ್ಟಿಗಲ್ಲ, ಸಳಿಯ ಸುತ್ತ ಮಣ್ಣಿನಲ್ಲಿ ತೇವ ನಿಲ್ಲಲು. ಬಕೆಟ್ ನೀರು ದೇವರಿಗಲ್ಲ, ಅದಕ್ಕೇ. ಒಂದು ಮಾತನ್ನು ತಿರುಗಿ ಕೇಳಿದ್ದರೆ ಕೊನೆಯ ಎರಡು ಹೇಂಟೆಗಳಾದರೂ ಉಳಿಯುತ್ತಿದ್ದವು. ಇದನ್ನು ಅವಳಿಗೆ ಹೇಳಿದಾಗ ಅವಳು ಹೊಟ್ಟೆ ಹಿಡಿದುಕೊಂಡು ನಕ್ಕಳು. ಈ ಸಲ ಆ ನಗುವಿನಲ್ಲಿ ನನಗೆ ಚುಚ್ಚು ಕಾಣಲಿಲ್ಲ, ನಾಚಿಕೆಯಾಯಿತು.

"ನಮ್ಮಪ್ಪ ಚಾಂಪಿಯನ್ ರೀಫ್ಸ್ ಗಣೀಲಿ ಕರೆಂಟ್ ಕೆಲ್ಸ ಮಾಡ್ತಿದ್ದೋನು," ಎಂದಳು ಅಗೆಯುತ್ತಾ. "ಅರ್ತ ನೋಡ್ದೆ ಒಂದಿನಾನೂ ತಂತಿ ಮುಟ್ಟಿದೋನಲ್ಲ. ಮೆಷಿನ್ನಿಂದ ಓದ ಕರೆಂಟು ಮುಂಗ್ಸಿ ಮೈಯಿಂದ ನೆಲಕ್ಕೆ ಇಳೀಬೇಕು, ನೆಲದಿಂದ ತಿರ್ಗಾ ಮೆಷಿನ್ಗೆ ಬರ್ಬೇಕು. ಬರೋಕೆ ದಾರೀನೇ ಇಲ್ದಿದ್ರೆ ಅದು ಓಗೋದಾದ್ರೂ ಯಾಕೆ, ಯೋಳು?"

ನಮ್ಮ ಎರೆಮಣ್ಣು ತೇವ ಹಿಡಿದಿಡುತ್ತದೆ, ಅಲ್ಲಿ ಒಂದು ಸಳಿ ಸಾಕು. ಇಲ್ಲಿಯ ಕೆಂಪು ಗರಸು ಬೇಸಿಗೆಯಲ್ಲಿ ಹುರಿದ ರವೆಯಂತಾಗುತ್ತದೆ, ಅದರಲ್ಲಿ ಕರೆಂಟು ಹರಿಯುವುದಿಲ್ಲ. ಆದ್ದರಿಂದ ನಮ್ಮ ಬಚ್ಚಲ ನೀರು ಹರಿಯುವ ಕಡೆ, ಬಂಡೆ ಆಳದಲ್ಲಿದ್ದ ಜಾಗ ಹುಡುಕಿ, ಸಂಜೆ ನೀರು ನಿಲ್ಲಿಸಿ ಬೆಳಿಗ್ಗೆ ಅಗೆಯುತ್ತಾ ನಾಲ್ಕು ದಿನ ಮೂರು ಗುಂಡಿ ತೋಡಿದೆವು. ಗುಂಡಿಗೊಂದು ಉದ್ದನೆಯ ಹೊಸ ಸಳಿ, ಒಂದರಿಂದೊಂದು ದೂರ ದೂರ, ಮೂರನ್ನೂ ಸೇರಿಸಿ ಒಂದೇ ತಂತಿ. ಬೇಲಿಯಲ್ಲಿ ಒಂದು ಬಿಟ್ಟು ಒಂದು ತಂತಿಯನ್ನು ಅರ್ತಕ್ಕೆ ಕಟ್ಟಿದಳು. ನುಸುಳುವ ಪ್ರಾಣಿ ಎರಡನ್ನೂ ಒಟ್ಟಿಗೆ ಮುಟ್ಟಿದರೆ ಒಣ ನೆಲದ ಹಂಗೇ ಇಲ್ಲ. ನನ್ನ ಗಂಡ ರಜೆ ಹಾಕಿ ಅವಳು ಹೇಳಿದಂತೆ ದುಡಿದರು.

ಎಲ್ಲ ಮುಗಿದ ಮೇಲೆ ನಾರಾಯಣಮ್ಮ ನನ್ನನ್ನು ಮುಂದೆ ತಳ್ಳಿದಳು. "ಮುಟ್ಟು."

ಮುಟ್ಟಿದೆ. ಮೊಣಕೈವರೆಗೆ ಯಾರೋ ದೊಣ್ಣೆಯಿಂದ ಬಾರಿಸಿದಂತಾಗಿ "ಎವ್ವಾ!" ಎಂದು ಹಿಂದಕ್ಕೆ ಹಾರಿದೆ.

"ಈಗ್ ಬಂತು ನೋಡು ಅರ್ತ," ಎಂದಳು.

ಅಂದಿನಿಂದ ಇಂದಿನವರೆಗೆ ಆ ಬೇಲಿಯೊಳಗೆ ಏನೂ ನುಸುಳಿಲ್ಲ. ಆದರೆ ನನ್ನ ಹೊಟ್ಟೆಕಿಚ್ಚು ಅಲ್ಲಿಗೆ ತಣ್ಣಗಾಯಿತು ಎಂದುಕೊಳ್ಳಬೇಡಿ. ಏಳು ಮೊಟ್ಟೆಗಳಲ್ಲಿ ಐದು ಮರಿಯಾದವು. ಐದಕ್ಕೂ ಕರಿಕಾಲು. ನಾನು ಕಣ್ಣೀರು ಒರೆಸಿಕೊಂಡು ಅವನ್ನು ಮನೆಗೆ ತಂದೆ. ತಂದರೆ ಅವು ನನ್ನವಾಗಬೇಕಲ್ಲ? ನಮ್ಮ ಕಡೆ ಕೋಳಿಗಳನ್ನು ಕರೆಯುವುದು ನಾಲಿಗೆ ಹೊರಳಿಸಿ, ಕುರ್ ಕುರ್ ಎಂದು. ಇವು ಕಣ್ಣೆತ್ತಿ ನೋಡಲಿಲ್ಲ. ಬೇಲಿಯಾಚೆ ನಾರಾಯಣಮ್ಮ "ಬೋ ಬೋ ಬೋ, ಎಲ್ ಓದ್ರಲಾ!" ಎಂದು ತನ್ನ ಕೋಳಿಗಳನ್ನು ಕರೆದರೆ ನನ್ನ ಐದೂ ಮರಿಗಳು ತಂತಿಯ ಕಡೆ ಓಡಿ, ಏಟು ತಿಂದು, ಚೀರಿ, ಮತ್ತೆ ಅದೇ ಕಡೆ ಕತ್ತು ಚಾಚುತ್ತಿದ್ದವು. ಅವಳ ಕೋಳಿಯ ಮಡಿಲಲ್ಲಿ ಕಣ್ಣು ಬಿಟ್ಟವು, ಮೊದಲು ಕೇಳಿದ ದನಿ ಅವಳದು. ವಾರಗಟ್ಟಲೆ ಹಟ ಹಿಡಿದೆ. ಕೊನೆಗೆ ಯಾರೂ ಇಲ್ಲದ ಹೊತ್ತು ನೋಡಿ ತುಟಿ ಮುಂದೆ ಮಾಡಿ "ಬೋ ಬೋ" ಎಂದೆ. ಬಂದವು. ಸಂತೋಷ, ಅವಮಾನ ಎರಡೂ ಒಟ್ಟಿಗೇ ಆದವು. ಆಮೇಲೆ ಅದೇ ರೂಢಿಯಾಯಿತು.

ಪಂಚಮಿಗೆ ತವರಿಗೆ ಹೋಗುವಾಗ ಬೆಳೆದ ಒಂದು ಹುಂಜ, ಎರಡು ಹೇಂಟೆಗಳನ್ನು ಬುಟ್ಟಿಯಲ್ಲಿ ಒಯ್ದೆ. ನಡೆದದ್ದನ್ನೆಲ್ಲ ಅವ್ವನಿಗೆ ಹೇಳಿದೆ, ಸುಳ್ಳನ್ನೂ ಒಪ್ಪಿಕೊಂಡೆ. ಅವ್ವ ಕರಿಕಾಲುಗಳನ್ನು ಸವರಿ ಸವರಿ ನೋಡಿದಳು. ಸಂಜೆ ಅಂಗಳಕ್ಕೆ ಜೋಳ ಚೆಲ್ಲಿ ಕುರ್ ಕುರ್ ಎಂದು ಕರೆದಳು. ಮೂರೂ ಗೋಡೆಯ ಹತ್ತಿರ ಮುದುಡಿ ಕೂತವು. ಇನ್ನೊಮ್ಮೆ ಕರೆದಳು. ನನಗೆ ತಡೆಯಲಾಗಲಿಲ್ಲ. ಬಾಗಿಲಲ್ಲಿ ನಿಂತೇ "ಬೋ ಬೋ ಬೋ, ಬರ್ರಲಾ, ಎಲ್ ಓದ್ರಲಾ!" ಎಂದೆ. ರೆಕ್ಕೆ ಬಡಿಯುತ್ತಾ ನನ್ನ ಕಾಲ ಬುಡಕ್ಕೆ ಬಂದು ಬಿದ್ದವು.

ಅವ್ವ ಮೊರವನ್ನು ಕೆಳಗಿಟ್ಟಳು. "ಯಾರ ದನಿಯವ್ವ ಇದು?"

"ಮಗ್ಗಲ ಮನಿ ಅಕ್ಕಾರ್ದು."

"ಆಕೀನ ಭಾಳ ಹಚಗೊಂಡಿ ಬಿಡ," ಎಂದು ಒಳಗೆ ಹೋದಳು. ಆ ಧಾಟಿ ನನಗೆ ಚೆನ್ನಾಗಿ ಗೊತ್ತು. ಕಿಟಕಿಯಲ್ಲಿ ನಿಂತು ನಾನು ತಿಂಗಳುಗಟ್ಟಲೆ ಒಳಗೊಳಗೇ ಆಡಿದ ಹೊಟ್ಟೆಕಿಚ್ಚಿನ ಧಾಟಿ ಅದು.

ನಾನು ಮರಳಿ ಬಂದು ತಿಂಗಳಾದ ಮೇಲೆ ಅವ್ವ ಫೋನು ಮಾಡಿದಳು, ದನಿಯಲ್ಲಿ ಗೆದ್ದ ಖುಷಿ. "ಈಗ ನನ್ನ ದನಿಗೆ ಬರ್ತಾವು ನೋಡ. ಆಕಿ ಕರಿಯೂದನ್ನ ಮರತ ಬಿಟ್ಟಾವು."

ನಗುತ್ತಲೇ ಅದನ್ನು ನಾರಾಯಣಮ್ಮನಿಗೆ ಹೇಳಿದೆ. ಅವಳು ನಗಲಿಲ್ಲ. "ಮರ್ತೋದ್ವಾ? ಇಷ್ಟ್ ಬೇಗ್ನೇನಾ?" ಎಂದಳು. ಆಮೇಲೆ, "ಕೋಳಿ ಮಾತು ಬಿಡು. ನೀನ್ ಓದ್ರೂ ಅಂಗೇ ಅಲ್ವಾ ಅಮ್ಮಣ್ಣಿ?" ಎಂದು ಕೇಳಿದಳು.

ಹುಬ್ಬಳ್ಳಿ ಕಡೆಗೆ ವರ್ಗ ಬೇಕೆಂದು ನಾನೇ ಹಟ ಮಾಡಿ ಗಂಡನಿಂದ ಅರ್ಜಿ ಬರೆಸಿದ್ದೆ, ಬಂದ ಹೊಸತರಲ್ಲಿ. ಅದರ ಆದೇಶ ಕೈಗೆ ಬಂದು ಅಂದಿಗೆ ಎಂಟು ದಿನ. ಇದನ್ನು ಬರೆಯುವ ಹೊತ್ತಿಗೂ ಅವಳಿಗೆ ಹೇಳಿಲ್ಲ. ಊರಿನಲ್ಲಿ ಎಲ್ಲರೂ ನಾನು ಬರುತ್ತೇನೆಂದು ಖುಷಿಯಲ್ಲಿದ್ದಾರೆ, ಖುಷಿ ನನಗೂ ಇದೆ. ಆದರೆ ನಾವು ಹೋದ ಮೇಲೆ ಈ ಮನೆ ಖಾಲಿ ಇರುವುದಿಲ್ಲ. ಯಾರೋ ಒಬ್ಬಳು ಬಾಡಿಗೆಗೆ ಬರುತ್ತಾಳೆ. ಅವಳೂ ಕೋಳಿ ಸಾಕುತ್ತಾಳೆ, ಅವಳಿಗೂ ಏನೋ ಗೊತ್ತಾಗುವುದಿಲ್ಲ, ನಾರಾಯಣಮ್ಮ ಬೇಲಿಯಾಚೆಯಿಂದ ಅವಳನ್ನೂ ಅಮ್ಮಣ್ಣಿ ಎಂದು ಕರೆಯುತ್ತಾಳೆ. ಮುಖವನ್ನೇ ಕಾಣದ ಆ ಹೆಂಗಸಿನ ಮೇಲೆ ನನಗೆ ಈಗಲೇ ಹೊಟ್ಟೆ ಉರಿಯುತ್ತಿದೆ.